ಚಿಗರಿ ಬೆನ್ನು ಹತ್ತಬೇಡಿ, ಅದರ ನೆಲ ನೋಡಿ

(ಧಾರವಾಡದಲ್ಲಿ ಫೋಟೋಗ್ರಫಿ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆದೆಗಾಲದ ಜಿಂಕೆಗಳ ಫೋಟೋ ತೆಗೆಯುವುದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಬರುವುದೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡಿನ ವಿಡಿಯೋಗಳು. ಅಕ್ಟೋಬರ್ ತಿಂಗಳ ಬೆಳಗು, ನೆಲದ ತುಂಬ ಮಂಜು. ಕವಲೊಡೆದ ದೊಡ್ಡ ಕೊಂಬಿನ ಕೆಂಪು ಜಿಂಕೆ ಕತ್ತು ಚಾಚಿ ಕೂಗುತ್ತಿರುತ್ತದೆ, ಬಾಯಿಂದ ಬಿಳಿ ಉಸಿರು ಏಳುತ್ತಿರುತ್ತದೆ. ನೋಡಲು ಬಹಳ ಚೆಂದ. ನಮ್ಮ ಹುಡುಗರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕ್ಯಾಮೆರಾ ಹೊತ್ತು ರಾಣೆಬೆನ್ನೂರಿಗೆ ಹೋಗುತ್ತಾರೆ. ಚಿಗರಿ, ಅಂದರೆ ಕೃಷ್ಣಮೃಗದ ಹಿಂಡಿನ ಹಿಂದೆ ಓಡಾಡಿ, ಓಡಿ ಹೋಗುತ್ತಿರುವ ಚಿಗರಿಗಳ ಬೆನ್ನಿನ ಫೋಟೋ ತಗೊಂಡು ವಾಪಸ್ ಬರುತ್ತಾರೆ.

ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಬೆದೆಗಾಲದಲ್ಲಿ ಬಲಿತ ಗಂಡು ಚಿಗರಿ ತನ್ನ ನೆಲ ಬಿಟ್ಟು ಸುಲಭಕ್ಕೆ ಹೋಗುವುದಿಲ್ಲ. ಆ ನೆಲ ಯಾವುದು ಅಂತ ಗೊತ್ತು ಮಾಡಿಕೊಂಡು ದೂರದಲ್ಲಿ ಕೂತರೆ ಸಾಕು. ಫೋಟೋ ತಾನಾಗಿ ಆಗುತ್ತದೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಂಪು ಜಿಂಕೆಯ ಗಂಡು ಬೆದೆಗಾಲದಲ್ಲಿ ಹೆಣ್ಣುಗಳ ಗುಂಪನ್ನು ಕಾಯುತ್ತದೆ. ಗುಂಪು ಮೇಯುತ್ತಾ ಎತ್ತ ಹೋದರೂ ಅದರ ಜೊತೆಗೇ ಹೋಗುತ್ತದೆ, ಹತ್ತಿರ ಬಂದ ಬೇರೆ ಗಂಡನ್ನು ಕೂಗಿ ಬೆದರಿಸುತ್ತದೆ. ಅಲ್ಲಿ ಚಳಿ ಜಾಸ್ತಿ. ಹಗಲು ಚಿಕ್ಕದಾಗುತ್ತಾ ಬಂದಂತೆ ಅವುಗಳ ಮೈ ಬೆದೆಗೆ ಸಿದ್ಧವಾಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಜೋರು. ಗರ್ಭ ಸುಮಾರು ಎಂಟು ತಿಂಗಳು. ಹಾಗಾಗಿ ಮರಿಗಳು ಹುಟ್ಟುವ ಹೊತ್ತಿಗೆ ಚಳಿ ಕಳೆದು ಹಸಿರು ಹುಲ್ಲು ಬಂದಿರುತ್ತದೆ.

ಚಿಗರಿ ಲೆಕ್ಕ ಬೇರೆ. ಇದು ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕಬಹುದು. ಆದರೆ ಬೆದೆಯ ಗದ್ದಲ ಎರಡು ಹಂಗಾಮಿನಲ್ಲಿ ಜಾಸ್ತಿ: ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಮ್ಮೆ, ಮಾರ್ಚ್-ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಗರ್ಭ ಸುಮಾರು ಆರು ತಿಂಗಳು, ಹುಟ್ಟುವುದು ಸಾಮಾನ್ಯವಾಗಿ ಒಂದೇ ಮರಿ. ಮತ್ತೆ ಇಲ್ಲಿ ಗಂಡು ಕಾಯುವುದು ಹೆಣ್ಣುಗಳನ್ನಲ್ಲ, ಒಂದು ತುಂಡು ನೆಲವನ್ನು. ಮೂರು ಎಕರೆ ಇರಬಹುದು, ಮೂವತ್ತು ಎಕರೆ ಇರಬಹುದು. ಒಳ್ಳೆ ಹುಲ್ಲಿದೆ, ಹೆಣ್ಣುಗಳು ಮೇಯಲು ಬಂದೇ ಬರುತ್ತವೆ ಅನ್ನುವ ಜಾಗ ನೋಡಿ ಗಂಡು ಅಲ್ಲಿ ನಿಲ್ಲುತ್ತದೆ. ಹೆಣ್ಣುಗಳ ಹಿಂಡು ಇವತ್ತು ಬರುತ್ತದೆ, ನಾಳೆ ಪಕ್ಕದ ಗಂಡಿನ ನೆಲಕ್ಕೆ ಹೋಗುತ್ತದೆ. ಇದು ಮಾತ್ರ ಅಲ್ಲೇ ಇರುತ್ತದೆ, ಕೆಲವೊಮ್ಮೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಗುಜರಾತಿನ ವೇಳಾವದರ್‌ನಂಥ ಕಡೆ ಗಂಡುಗಳು ಒತ್ತೊತ್ತಾಗಿ ಸಣ್ಣ ಸಣ್ಣ ತುಂಡು ಹಿಡಿದು ನಿಲ್ಲುವುದೂ ಉಂಟು. ಹೆಣ್ಣುಗಳು ನಡುವೆ ಓಡಾಡಿ ತಮಗೆ ಬೇಕಾದ ಗಂಡನ್ನು ಆರಿಸಿಕೊಳ್ಳುತ್ತವೆ.

ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾವು ಮಾತಿನಲ್ಲಿ ಎಲ್ಲವನ್ನೂ ಜಿಂಕೆ ಅಂದುಬಿಡುತ್ತೇವೆ, ಆದರೆ ಚಿಗರಿ ಜಿಂಕೆಯ ಜಾತಿಯದಲ್ಲ. ಚುಕ್ಕಿ ಜಿಂಕೆ, ಕಡವೆ ಇವುಗಳ ಕೊಂಬು ಎಲುಬಿನದು. ಕವಲೊಡೆಯುತ್ತದೆ, ಕಾಲಕಾಲಕ್ಕೆ ಉದುರಿ ಮತ್ತೆ ಬರುತ್ತದೆ. ಚಿಗರಿಯ ಕೊಂಬು ಉದುರುವುದಿಲ್ಲ. ಒಳಗೆ ಎಲುಬು, ಮೇಲೆ ನಮ್ಮ ಆಕಳು, ಆಡಿಗೆ ಇರುವಂಥದೇ ಕೊಂಬಿನ ಕವಚ. ಬಲಿತ ಗಂಡಿನಲ್ಲಿ ಮೂರು ನಾಲ್ಕು ಸುತ್ತು ತಿರುಚಿಕೊಂಡು ಎರಡು ಅಡಿಯಷ್ಟು ಬೆಳೆದಿರುತ್ತದೆ. ಫೋಟೋ ತೆಗೆಯುವವರಿಗೆ ಇದು ಲಾಭದ ಸಂಗತಿ. ಕೊಂಬಿಲ್ಲದ ತಿಂಗಳು ಅಂತ ಇಲ್ಲ.

ಈಗ ಜಾಗಕ್ಕೆ ಬರೋಣ. ಹುಬ್ಬಳ್ಳಿ-ಧಾರವಾಡದವರಿಗೆ ಚಿಗರಿ ಅಂದರೆ ಮೊದಲು ನೆನಪಾಗುವುದು ಬಿಆರ್‌ಟಿಎಸ್ ಬಸ್ಸು. ಆ ಬಸ್ಸಿಗೆ ಹೆಸರು ಕೊಟ್ಟ ಪ್ರಾಣಿ ಹೆದ್ದಾರಿ ಹಿಡಿದು ಹೊರಟರೆ ಎರಡು ತಾಸಿನ ದಾರಿಯಲ್ಲಿದೆ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯಿತು. 119 ಚದರ ಕಿಲೋಮೀಟರ್ ಹರವು. ಹುಲತ್ತಿ, ಹುಣಸಿಕಟ್ಟಿ, ಅಲಗೇರಿ ಅಂತ ಮೂರು ಬ್ಲಾಕು. ಹೆಸರು ಕೇಳಿ ದಟ್ಟ ಕಾಡು ಅಂದುಕೊಳ್ಳಬೇಡಿ. ಕುರುಚಲು ಗಿಡ, ಹುಲ್ಲು, ಸಾಲು ಸಾಲು ನೀಲಗಿರಿ, ಅಂಚಿಗೆ ಗೋವಿನಜೋಳದ ಹೊಲ. ಒಂದು ಕಾಲಕ್ಕೆ ಇಲ್ಲಿ ಹೆಬ್ಬಕ ಹಕ್ಕಿಯೂ ಇತ್ತು, ನಮ್ಮ ಕೆಲವು ಕಡೆ ಎರ್ಲಡ್ಡು ಅನ್ನುವ ಆ ದೊಡ್ಡ ಹಕ್ಕಿ. ಬಯಲು ಹುಲ್ಲುಗಾವಲನ್ನು ಬಂಜರು ಭೂಮಿ ಅಂತ ತಿಳಿದು ಅದರ ಮೇಲೆ ಮರ ನೆಡುವ ರೂಢಿ ನಮ್ಮಲ್ಲಿ ಹಳೆಯದು. ಚಿಗರಿಗೆ ಬೇಕಾದದ್ದು ಮರವಲ್ಲ, ದೂರದವರೆಗೆ ಕಣ್ಣು ಹಾಯುವ ಬಯಲು. ನನಗೆ ಈ ವಿಷಯದಲ್ಲಿ ಬಹಳ ಸಂಕಟ ಇದೆ. ಹುಲ್ಲು ನೋಡಿ ಇಲ್ಲಿ ಏನೂ ಇಲ್ಲ ಅನ್ನುವವರಿಗೆ ತೋರಿಸಲಿಕ್ಕಾದರೂ ನಾವು ಈ ಬಯಲಿನ ಫೋಟೋ ತೆಗೆಯಬೇಕು.

ಅಭಯಾರಣ್ಯದ ಹೊರಗೂ ಚಿಗರಿ ಇದೆ. ನವಲಗುಂದ, ನರಗುಂದ, ರೋಣದ ಎರಿ ಹೊಲಗಳಲ್ಲಿ ಹಿಂಡು ಕಾಣುತ್ತವೆ. ಕಡವೆಗೆ ದಾಂಡೇಲಿ ಕಡೆ ಹೋಗಬೇಕು. ಅದರ ಬೆದೆ ಚಳಿಗಾಲ ಶುರುವಾಗುವ ಹೊತ್ತಿಗೆ ಜೋರಾಗುತ್ತದೆ, ಆದರೆ ಅದು ಕತ್ತಲೆಯ ಪ್ರಾಣಿ. ಗದಗಿನ ಕಪ್ಪತಗುಡ್ಡದಲ್ಲಿ ನಾಲ್ಕು ಕೊಂಬಿನ ಕೊಂಡಕುರಿ ಇದೆ, 2019ರಲ್ಲಿ ಅದೂ ವನ್ಯಜೀವಿಧಾಮ ಆಗಿದೆ. ನಾಚಿಕೆಯ ಪ್ರಾಣಿ, ಕಂಡರೆ ಅದೃಷ್ಟ. ಬೆದೆಯ ಆಟವನ್ನು ಹಾಡಹಗಲು, ಬಯಲಿನಲ್ಲಿ, ಕಣ್ಣಾರೆ ನೋಡಬೇಕು ಅಂದರೆ ನಮ್ಮ ಭಾಗದಲ್ಲಿ ಚಿಗರಿಯೇ ಸರಿ.

ನೆಲ ಗುರುತಿಸುವುದು ಹೇಗೆ? ಮೊದಲು ಹಿಕ್ಕೆ ರಾಶಿ ನೋಡಿ. ನೆಲ ಹಿಡಿದ ಗಂಡು ದಿನಾ ಅದೇ ಕೆಲವು ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಹಳೆಯದು ಒಣಗಿ ಬೆಳ್ಳಗಾಗಿರುತ್ತದೆ, ಮೇಲೆ ಹೊಸದು ಕಪ್ಪಗೆ ಮಿಂಚುತ್ತಿರುತ್ತದೆ. ಹೊಸದು ಇದ್ದರೆ ಯಜಮಾನ ಹತ್ತಿರದಲ್ಲೇ ಇದ್ದಾನೆ ಅಂತ ಅರ್ಥ. ಎಷ್ಟೋ ಸಲ ಗಂಡು ಆ ರಾಶಿಯ ಮೇಲೆಯೇ ಮಲಗಿರುತ್ತದೆ. ಎರಡನೆಯದು, ಒಂಟಿಯಾಗಿ ನಿಂತ ಗಂಡು. ಇನ್ನೂ ನೆಲ ಸಿಗದ ಗಂಡುಗಳು ತಮ್ಮದೇ ಗುಂಪು ಕಟ್ಟಿಕೊಂಡು ತಿರುಗುತ್ತವೆ, ಬಣ್ಣದಲ್ಲೂ ಅವು ತಿಳಿ ಇರುತ್ತವೆ. ಕಪ್ಪಾದ ಒಂದು ಗಂಡು ಬೆಳಿಗ್ಗೆಯೂ ಸಂಜೆಯೂ ಹೆಚ್ಚು ಕಡಿಮೆ ಅದೇ ಗಿಡದ ಪಕ್ಕ ಕಂಡರೆ, ನಿಮ್ಮ ಜಾಗ ಅದೇ.

ಮೂರನೆಯ ಗುರುತು ನನಗೆ ಎಲ್ಲಕ್ಕಿಂತ ಇಷ್ಟ. ಗಂಡು ಚಿಗರಿಯ ಕಣ್ಣಿನ ಕೆಳಗೆ ಒಂದು ಸೀಳು ಇರುತ್ತದೆ. ಅದು ವಾಸನೆಯ ಗ್ರಂಥಿ. ಬೆದೆಗಾಲದಲ್ಲಿ ಅದು ತೆರೆದುಕೊಂಡು ಒಳಗಿನ ಕಪ್ಪು ಕಾಣುತ್ತದೆ. ಗಂಡು ಒಂದು ಒಣ ಕಡ್ಡಿಯ ಹತ್ತಿರ ಬರುತ್ತದೆ, ತುದಿಯನ್ನು ಮೂಸುತ್ತದೆ. ಆಮೇಲೆ ಮುಖವನ್ನು ನಿಧಾನಕ್ಕೆ ಓರೆ ಮಾಡಿ, ಆ ಕಡ್ಡಿಯ ತುದಿಯನ್ನು ಸರಿಯಾಗಿ ಸೀಳಿನ ಒಳಗೆ ತೂರಿಸಿಕೊಳ್ಳುತ್ತದೆ. ಕಣ್ಣಿನಿಂದ ಬೆರಳು ದೂರ ಅಷ್ಟೇ, ಆದರೂ ಕಣ್ಣು ಪಿಳಕಿಸುವುದಿಲ್ಲ. ಒಂದೆರಡು ಸಲ ಉಜ್ಜಿ ಮುಂದೆ ಹೋಗುತ್ತದೆ. ಅದು ಹೋದ ಮೇಲೆ, ತುಂಬ ಹೊತ್ತು ಬಿಟ್ಟು ಹತ್ತಿರ ಹೋಗಿ ನೋಡಿದರೆ ಕಡ್ಡಿಯ ತುದಿಗೆ ಕಪ್ಪು ಅಂಟು ಇರುತ್ತದೆ, ಸಾಸಿವೆ ಕಾಳಿನಷ್ಟು. ಇದು ನನ್ನದು ಅಂತ ಉಳಿದ ಗಂಡುಗಳಿಗೆ ಬರೆದಿಟ್ಟ ಕಾಗದ ಅದು. ಜಿಗಿಯುವ ಚಿಗರಿಯ ಫೋಟೋ ಬಹಳ ಜನರ ಹತ್ತಿರ ಇದೆ. ಈ ಕಡ್ಡಿಯ ಫೋಟೋ ಎಷ್ಟು ಜನರ ಹತ್ತಿರ ಇದೆ ಹೇಳಿ?

ಜಾಗ ಗೊತ್ತಾದ ಮೇಲೆ ಕೂರುವ ಕೆಲಸ. ಚಿಗರಿಯ ದೊಡ್ಡ ಶಕ್ತಿ ಅದರ ಕಣ್ಣು. ಮೂಗು, ಕಿವಿ ಆಮೇಲೆ. ಹಾಗಾಗಿ ಗಾಳಿಯ ದಿಕ್ಕು ನೋಡಿ, ಆದರೆ ಅದಕ್ಕಿಂತ ಜಾಸ್ತಿ ನಿಮ್ಮ ಆಕಾರ ಆಕಾಶಕ್ಕೆ ಎದುರಾಗಿ ಕಾಣದಂತೆ ನೋಡಿಕೊಳ್ಳಿ. ದಿಬ್ಬದ ನೆತ್ತಿಯ ಮೇಲೆ ತಲೆ ಎತ್ತಿದರೆ ಮುಗಿಯಿತು. ಹೊಲದ ಬದು, ಲಂಟಾನ ಪೊದೆ, ಇಲ್ಲ ನಿಂತ ಕಾರು, ಯಾವುದಾದರೂ ಮರೆ ಇರಲಿ. ಕಾರಿನಿಂದ ತೆಗೆಯುವುದಾದರೆ ಎಂಜಿನ್ ಬಂದ್ ಮಾಡಿ. ಒಂದು ಸಣ್ಣ ಚೀಲಕ್ಕೆ ಜೋಳ ತುಂಬಿ ಕಿಟಕಿಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಇಡಿ. ಟ್ರೈಪಾಡಿಗಿಂತ ಒಳ್ಳೆಯದು. ಹೊಲದಲ್ಲಿ ಕೆಲಸ ಮಾಡುವ ರೈತರಿಗೆ, ಚಕ್ಕಡಿಗೆ, ಟ್ರ್ಯಾಕ್ಟರಿಗೆ ಚಿಗರಿಗಳು ಒಗ್ಗಿರುತ್ತವೆ. ಅವು ಹೆದರುವುದು ಬಗ್ಗಿ ಬಗ್ಗಿ ಕಳ್ಳಹೆಜ್ಜೆ ಇಟ್ಟು ಬರುವ ನಮ್ಮಂಥವರಿಗೆ. ಬೆಳಕು ಹರಿಯುವ ಮೊದಲೇ ಹೋಗಿ ಕೂತುಬಿಟ್ಟರೆ ಈ ತೊಂದರೆ ಇಲ್ಲ.

ಬೆಳಕಿನ ಬಗ್ಗೆ. ಅಕ್ಟೋಬರ್‌ನಲ್ಲಿ ನಮ್ಮ ಕಡೆ ಆರೂಕಾಲರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ. ಅಲ್ಲಿಂದ ಎರಡು ತಾಸು ನಿಮ್ಮದು. ಒಂಬತ್ತರ ಮೇಲೆ ಬಿಸಿಲೇರಿದಂತೆ ನೆಲದಿಂದ ಬಿಸಿಗಾಳಿ ಏಳುತ್ತದೆ. ಬರಿಗಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. ಆದರೆ 500, 600 ಎಂಎಂ ಲೆನ್ಸಿನಲ್ಲಿ ದೂರದ ಪ್ರಾಣಿ ನೀರಿನಲ್ಲಿ ನಿಂತಂತೆ ಅಲುಗುತ್ತದೆ. ಫೋಟೋ ಶಾರ್ಪ್ ಬರುವುದಿಲ್ಲ. ಲೆನ್ಸ್ ಕೆಟ್ಟಿದೆ ಅಂತ ಅಂಗಡಿಗೆ ಒಯ್ದವರನ್ನು ನೋಡಿದ್ದೇನೆ. ಲೆನ್ಸ್ ಸರಿಯಾಗೇ ಇರುತ್ತದೆ, ಹೊತ್ತು ಮೀರಿರುತ್ತದೆ ಅಷ್ಟೇ.

ಇನ್ನೊಂದು ತೊಡಕು ಅದರ ಬಣ್ಣ. ಬೆನ್ನು ಕಪ್ಪು ಅಥವಾ ಗಾಢ ಕಂದು, ಹೊಟ್ಟೆ ಅಚ್ಚ ಬಿಳಿ, ಕಣ್ಣ ಸುತ್ತ ಬಿಳಿ. ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಆಗ ಹೊಟ್ಟೆಯ ಬಿಳಿ ಪೂರ್ತಿ ಸುಟ್ಟು ಹೋಗುತ್ತದೆ. ಬಿಳಿಯನ್ನು ಉಳಿಸಿಕೊಳ್ಳಿ. ಎಕ್ಸ್‌ಪೋಷರನ್ನು ಸ್ವಲ್ಪ ಕೆಳಗಿಳಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ಕಂಡದ್ದನ್ನೆಲ್ಲ ತಿದ್ದದೆ ಹಾಗೇ ಉಳಿಸುವ ಫೈಲು) ತೆಗೆಯಿರಿ. ಕಪ್ಪಿನ ಒಳಗಿನ ವಿವರ ಆಮೇಲೆ ಎತ್ತಬಹುದು, ಸುಟ್ಟ ಬಿಳಿ ಮತ್ತೆ ಬರುವುದಿಲ್ಲ. ಎಳೆ ಬಿಸಿಲು ಪಕ್ಕದಿಂದ ಬಿದ್ದಾಗ ಆ ಕಪ್ಪು ಕೂದಲಿನಲ್ಲಿ ಕಂದು, ಕೆಂಪು ಎಲ್ಲ ಕಾಣುತ್ತದೆ. ನೆತ್ತಿ ಬಿಸಿಲಿನಲ್ಲಿ ಅದೇ ಪ್ರಾಣಿ ಬರೀ ಕರಿ ತೇಪೆ. ಶಟರ್ ವೇಗದ ವಿಷಯ ಜಾಸ್ತಿ ಹೇಳುವುದಿಲ್ಲ. ನಡೆಯುವಾಗ ಸೆಕೆಂಡಿನ 1/500 ಸಾಕು, ಕಾದಾಟಕ್ಕೆ, ಜಿಗಿತಕ್ಕೆ 1/1600ರ ಮೇಲಿರಲಿ.

ಈಗ ಹೆಣ್ಣುಗಳು ಬಂದವು ಅಂದುಕೊಳ್ಳಿ. ಗಂಡಿನ ನಡಿಗೆಯೇ ಬದಲಾಗುತ್ತದೆ. ಮೂತಿ ಮೇಲೆ ಎತ್ತುತ್ತದೆ, ಎಷ್ಟು ಅಂದರೆ ಕೊಂಬುಗಳು ಹಿಂದಕ್ಕೆ ಬೆನ್ನಿನ ಮೇಲೆ ಒರಗುತ್ತವೆ. ಕಿವಿ ಕೆಳಗೆ ಇಳಿಬೀಳುತ್ತವೆ. ಬಾಲ ಮೇಲಕ್ಕೆ ಸುರುಳಿ ಸುತ್ತುತ್ತದೆ. ಕಣ್ಣಿನ ಕೆಳಗಿನ ಸೀಳು ಅಗಲ ತೆರೆದಿರುತ್ತದೆ. ಸೆಟೆದ ಕಾಲಿನಲ್ಲಿ ಹೆಜ್ಜೆ ಎತ್ತೆತ್ತಿ ಇಡುತ್ತಾ, ಗುರ್ ಗುರ್ ಅಂತ ಸದ್ದು ಮಾಡುತ್ತಾ ಹೆಣ್ಣಿನ ಸುತ್ತ ಬರುತ್ತದೆ. ಹೆಣ್ಣು ಒಪ್ಪದಿದ್ದರೆ ಸುಮ್ನೆ ಮೇಯುತ್ತಾ ಸರಿದುಬಿಡುತ್ತದೆ. ಗಂಡು ಮತ್ತೆ ಅಡ್ಡ ಬರುತ್ತದೆ, ಮತ್ತೆ ಮೂತಿ ಎತ್ತುತ್ತದೆ. ಇಡೀ ಬೆಳಿಗ್ಗೆ ಹೀಗೇ ನಡೆಯಬಹುದು. ಈ ಭಂಗಿಯನ್ನು ಪಕ್ಕದಿಂದಲೇ ತೆಗೆಯಬೇಕು. ಎದುರಿನಿಂದ ತೆಗೆದರೆ ಕೊಂಬು ತಲೆಯ ಹಿಂದೆ ಮುಚ್ಚಿಹೋಗುತ್ತದೆ, ಎತ್ತಿದ ಗದ್ದ ಮಾತ್ರ ಕಾಣುತ್ತದೆ. ಕ್ಯಾಮೆರಾ ಅದರ ಕಣ್ಣಿನ ಎತ್ತರದಲ್ಲಿರಲಿ. ಭುಜದ ಹತ್ತಿರ ಅದರ ಎತ್ತರ ಎರಡೂವರೆ ಅಡಿ ಸುಮಾರು, ಹಾಗಾಗಿ ನೀವು ಕೂತರೇ ಚೆನ್ನ.

ಪಕ್ಕದ ಗಂಡು ಗಡಿಗೆ ಬಂದರೆ ಕಾದಾಟ ಆಗಬಹುದು. ಆದರೆ ಆಗಲೇಬೇಕು ಅಂತಿಲ್ಲ. ಎರಡೂ ಒಂದರ ಪಕ್ಕ ಒಂದು, ತಲೆ ಎತ್ತಿಕೊಂಡು, ಗಡಿಯ ಉದ್ದಕ್ಕೆ ನಡೆಯುತ್ತವೆ. ಒಬ್ಬರ ಅಳತೆ ಇನ್ನೊಬ್ಬರು ತೆಗೆಯುವುದು ಅದು. ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ತಟ್ಟನೆ ತಲೆ ತಗ್ಗಿಸಿ ಕೊಂಬು ಹಾಕುತ್ತವೆ. ಆ ನಡಿಗೆ ಕಂಡ ಕೂಡಲೇ ಶಟರ್ ಏರಿಸಿ, ಜೂಮ್ ಸ್ವಲ್ಪ ಹಿಂದಕ್ಕೆ ತನ್ನಿ. ಎರಡು ಪ್ರಾಣಿಗೂ ಚೌಕಟ್ಟಿನಲ್ಲಿ ಜಾಗ ಬೇಕಲ್ವಾ?

ದೂರದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ ಜಿಂಕೆಗಳಿಂದ ಕನಿಷ್ಠ 50 ಮೀಟರ್ ದೂರ ಇರಿ ಅನ್ನುತ್ತಾರೆ. ಅವು ದಿನಾ ಜನರನ್ನು ನೋಡುವ ಜಿಂಕೆಗಳು. ನಮ್ಮ ಚಿಗರಿಗೆ ಅಷ್ಟು ಸಾಲದು. ಅಳತೆ ಪಟ್ಟಿ ಬೇಡ, ಹಿಂಡನ್ನೇ ನೋಡಿ. ಮೇಯುತ್ತಿದ್ದ ಹೆಣ್ಣುಗಳು ತಲೆ ಎತ್ತಿ ನಿಮ್ಮತ್ತ ನೋಡಿದರೆ ಅಲ್ಲೇ ನಿಲ್ಲಿ. ನೋಡುತ್ತಲೇ ಇದ್ದರೆ ಹಿಂದಕ್ಕೆ ಬನ್ನಿ. ಒಂದು ಹೆಣ್ಣು ನಿಂತಲ್ಲಿಂದ ಎತ್ತರಕ್ಕೆ ಜಿಗಿಯಿತು ಅಂದರೆ ಇಡೀ ಹಿಂಡು ಹೊರಟಿತು ಅಂತ ತಿಳಿಯಿರಿ. ಆ ಜಿಗಿತದ ಫೋಟೋಗಾಗಿ ಬೇಕಂತಲೇ ಬೈಕ್ ಬಿಟ್ಟು ಬೆದರಿಸುವವರಿದ್ದಾರೆ. ಅದರ ಬೆಲೆ ಏನು ಗೊತ್ತಾ? ಆ ಗಂಡು ವಾರಗಟ್ಟಲೆ ಸರಿಯಾಗಿ ಮೇಯದೆ, ಅಕ್ಕಪಕ್ಕದವರ ಜೊತೆ ಗುದ್ದಾಡಿ ನೆಲ ಉಳಿಸಿಕೊಂಡಿರುತ್ತದೆ. ಹೆಣ್ಣುಗಳು ಬಂದ ದಿನವೇ ನಾವು ಓಡಿಸಿದರೆ ಅದರ ಆ ಶ್ರಮವೆಲ್ಲ ಹೋಯಿತು. ಓಡುವ ಹಿಂಡು ಕಂಡರೆ ಊರ ನಾಯಿಗಳು ಬೆನ್ನು ಹತ್ತುತ್ತವೆ. ಹೊಲದ ತಂತಿ ಬೇಲಿಗೆ ಸಿಕ್ಕಿ ಗಾಯ ಆಗುತ್ತದೆ. ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿರುವ ಪ್ರಾಣಿ. ಬೆದರಿಸಿ ಓಡಿಸುವುದೂ ಕಾನೂನಿನ ಕಣ್ಣಿನಲ್ಲಿ ಅಪರಾಧ.

ಇದೇ ಹೊತ್ತಿನಲ್ಲಿ ಹುಲ್ಲಿನೊಳಗೆ ಮರಿಗಳೂ ಇರುತ್ತವೆ. ಹುಟ್ಟಿದ ಮೊದಲ ಕೆಲವು ದಿನ ಮರಿ ಹುಲ್ಲಿನಲ್ಲಿ ಅಲುಗಾಡದೆ ಬಿದ್ದಿರುತ್ತದೆ, ತಾಯಿ ದೂರ ಮೇಯುತ್ತಿರುತ್ತದೆ. ಪಾಪ, ಅನಾಥ ಮರಿ ಅಂತ ಎತ್ತಿಕೊಂಡು ಬರುವವರಿದ್ದಾರೆ. ದಯವಿಟ್ಟು ಮುಟ್ಟಬೇಡಿ. ತಾಯಿ ಬರುತ್ತದೆ. ನೀವು ಅಲ್ಲಿ ನಿಂತಿರುವವರೆಗೆ ಮಾತ್ರ ಬರುವುದಿಲ್ಲ.

ರೈತರ ಮಾತು ಬಿಟ್ಟರೆ ಈ ಮಾತು ಪೂರ್ತಿ ಆಗುವುದಿಲ್ಲ. ಸೀಗಿ ಹುಣ್ಣಿಮೆ ಹೊತ್ತಿಗೆ ಹಿಂಗಾರಿ ಬಿತ್ತನೆ ನಡೆದಿರುತ್ತದೆ. ಕಡಲೆ, ಜೋಳ ಆಗಷ್ಟೇ ಮೊಳಕೆ ಒಡೆದಿರುತ್ತವೆ. ಒಂದು ಹಿಂಡು ರಾತ್ರಿ ಬಂದು ಹೋದರೆ ಸಾಲುಗಟ್ಟಲೆ ಮೊಳಕೆ ಇರುವುದಿಲ್ಲ. ರೈತರ ಸಿಟ್ಟು ನ್ಯಾಯದ ಸಿಟ್ಟು. ಅವರ ಹೊಲದಲ್ಲಿ ಕಾಲಿಡುವ ಮೊದಲು ಕೇಳಿ. ಮೊಳಕೆ ಸಾಲಿನ ಮೇಲೆ ನಡೆಯಬೇಡಿ, ಬದು ಹಿಡಿದು ಹೋಗಿ. ಅವರ ಜೊತೆ ಕೂತು ಮಾತಾಡಿ. ಯಾವ ಗಂಡು ಎಲ್ಲಿ ನಿಲ್ಲುತ್ತದೆ ಅಂತ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು, ಯಾಕೆಂದರೆ ರಾತ್ರಿ ಹೊಲ ಕಾಯುವವರು ಅವರು.

ಪ್ರಶ್ನೆಗಳು

ಡ್ರೋನ್ ಹಾರಿಸಬಹುದಾ ಅಂತ ಒಬ್ಬರು ಕೇಳಿದರು. ಬೇಡ. ಅಭಯಾರಣ್ಯದಲ್ಲಿ ಅನುಮತಿ ಇಲ್ಲದೆ ಹಾರಿಸುವಂತೆಯೇ ಇಲ್ಲ. ಹೊರಗೂ ಬೇಡ. ತಲೆಯ ಮೇಲೆ ಸದ್ದು ಬಂದರೆ ಹಿಂಡು ದಿಕ್ಕು ಕೆಟ್ಟು ಓಡುತ್ತದೆ.

ಗುಜರಾತ್, ರಾಜಸ್ಥಾನದ ಫೋಟೋಗಳಲ್ಲಿ ಗಂಡು ಕಡು ಕಪ್ಪಗಿರುತ್ತದೆ, ನಮ್ಮದು ಯಾಕೆ ಅಷ್ಟು ಕಪ್ಪಾಗುವುದಿಲ್ಲ ಅಂತ ಇನ್ನೊಬ್ಬರ ಪ್ರಶ್ನೆ. ಒಳ್ಳೆ ಪ್ರಶ್ನೆ. ದಕ್ಷಿಣದ ಗಂಡುಗಳು ಹೆಚ್ಚಾಗಿ ಗಾಢ ಕಂದು ಬಣ್ಣಕ್ಕೇ ನಿಲ್ಲುತ್ತವೆ. ವಯಸ್ಸಿನ ಜೊತೆ ಬಣ್ಣ ಗಾಢವಾಗುತ್ತದೆ, ಬೆದೆಗಾಲದಲ್ಲಿ ಇನ್ನೂ ಜಾಸ್ತಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಅದನ್ನು ಕಪ್ಪು ಮಾಡಬೇಡಿ. ನಮ್ಮ ಚಿಗರಿಯ ಬಣ್ಣ ಅದು, ಹಾಗೇ ಇರಲಿ.

ಮೊಬೈಲ್ ಸಾಕಾ? ಹಿಕ್ಕೆ ರಾಶಿ, ಅಂಟು ಹತ್ತಿದ ಕಡ್ಡಿ, ಮೋಡದ ಕೆಳಗಿನ ಬಯಲು, ಇವಕ್ಕೆ ಧಾರಾಳ ಸಾಕು. ಪ್ರಾಣಿಗೆ ಸಾಲದು. ಸಾಲುವಷ್ಟು ಹತ್ತಿರ ಹೋಗುವುದೂ ಬೇಡ. ಯಾವುದರಲ್ಲೇ ತೆಗೆದರೂ ಲೊಕೇಶನ್ ಬಂದ್ ಮಾಡಿ ಹಾಕಿ. ಬೇಟೆಗಾರರೂ ಫೋನ್ ನೋಡುತ್ತಾರೆ.

ಕೊನೆಯ ಪ್ರಶ್ನೆ, ಯಾವಾಗ ಹೊರಡೋಣ? ಹಸ್ತ ಮಳೆ ಬಿಡುವು ಕೊಟ್ಟ ದಿನ ನೋಡಿ ಹೊರಡಿ. ಚಿತ್ತಿ ಮಳೆಯವರೆಗೂ ಗದ್ದಲ ಇರುತ್ತದೆ. ರಾಣೆಬೆನ್ನೂರಿನ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲೇ ಕೇಳಿ ಅನುಮತಿ ತಗೊಳ್ಳಿ, ಎಲ್ಲಿಯವರೆಗೆ ಹೋಗಬಹುದು ಅಂತ ಅವರೇ ಹೇಳುತ್ತಾರೆ. ಹಿಂದಿನ ದಿನ ಸಂಜೆಯೇ ಊರು ಸೇರಿ. ಅವತ್ತು ಕ್ಯಾಮೆರಾ ಚೀಲದಲ್ಲೇ ಇರಲಿ, ಬೈನಾಕ್ಯುಲರ್ ಹಿಡಿದು ಯಾವ ಗಂಡು ಎಲ್ಲಿ ನಿಂತಿದೆ ಅಂತ ದೂರದಿಂದ ನೋಡಿಕೊಳ್ಳಿ. ಬೆಳಿಗ್ಗೆ ಐದೂವರೆಗೆ ಅಲ್ಲಿ ಹೋಗಿ ಕೂತರೆ ಆಯಿತು. ಬುತ್ತಿ, ನೀರು ಜೊತೆಗಿರಲಿ. ಮಧ್ಯೆ ಎದ್ದು ಓಡಾಡುವಂತಿಲ್ಲ.